ಕೆಲಸದ ಮಧ್ಯೆ ದೇವರ ನೆನಪೇ ಬರುವುದಿಲ್ಲ, ದಿನವಿಡೀ ಸ್ತುತಿಸುವುದು ಹೇಗೆ?

ಪ್ರಶ್ನೆ: ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡುತ್ತೇನೆ. ಭಾನುವಾರ ಸಭೆಯಲ್ಲಿ ಮನಸಾರೆ ಹಾಡುತ್ತೇನೆ. ಆದರೆ ಕೆಲಸಕ್ಕೆ ಇಳಿದ ಮೇಲೆ ರಾತ್ರಿವರೆಗೆ ದೇವರ ನೆನಪೇ ಬರುವುದಿಲ್ಲ. "ಆತನ ಸ್ತೋತ್ರ ಯಾವಾಗಲೂ ನನ್ನ ಬಾಯಲ್ಲಿರುವುದು" ಎಂಬ ವಚನ ಓದಿದಾಗಲೆಲ್ಲ ನಾಚಿಕೆಯಾಗುತ್ತದೆ. ದಿನವಿಡೀ ಸ್ತುತಿಸಬೇಕು ಅಂತ ಮೂರು ಸಲ ತೀರ್ಮಾನ ಮಾಡಿದೆ, ಒಂದು ವಾರವೂ ನಡೆಯಲಿಲ್ಲ. ಮನಸ್ಸಿಲ್ಲದೆ ಬರೀ ಬಾಯಲ್ಲಿ ಹೇಳಿದರೆ ಅದು ಕಪಟ ಅಲ್ವಾ? ಹೋದ ವರ್ಷದಿಂದ ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ. ಅದಕ್ಕೂ ಸ್ತೋತ್ರ ಹೇಳಬೇಕು ಅನ್ನುತ್ತಾರೆ. ನನಗೆ ಬಾಯಿ ಬರುತ್ತಿಲ್ಲ.

ಉತ್ತರ: ಪ್ರಿಯ ಸಹೋದರಿ, ನಿಮ್ಮನ್ನು ಚುಚ್ಚುತ್ತಿರುವ ಆ ವಚನದಿಂದಲೇ ಶುರು ಮಾಡೋಣ. ಅದು ಇರುವ 34ನೇ ಕೀರ್ತನೆಯ ತಲೆಯ ಮೇಲೆ ಒಂದು ಸಣ್ಣ ಸಾಲು ಇದೆ. ಓದುವಾಗ ನಾವು ಅದನ್ನು ದಾಟಿ ಹೋಗುತ್ತೇವೆ. ದಾವೀದನು ಹುಚ್ಚನಂತೆ ನಟಿಸಿ, ಅರಸನಿಂದ ಹೊರಗೆ ಅಟ್ಟಿಸಿಕೊಂಡು ಹೋದಾಗ ರಚಿಸಿದ್ದು ಅಂತ ಆ ಸಾಲು ಹೇಳುತ್ತದೆ. ಕಥೆ 1 ಸಮುವೇಲ 21ರಲ್ಲಿದೆ. ಸೌಲನಿಗೆ ಹೆದರಿ ಓಡಿಹೋದ ದಾವೀದ ಶತ್ರುಗಳ ಊರಾದ ಗತ್‌ನಲ್ಲಿ ಸಿಕ್ಕಿಬಿದ್ದ. ಬಾಗಿಲ ಮೇಲೆ ಗೀಚಿದ, ಗಡ್ಡದ ಮೇಲೆ ಜೊಲ್ಲು ಸುರಿಸಿದ, ಹಾಗೆ ಜೀವ ಉಳಿಸಿಕೊಂಡ. ಮುಂದಿನ ಅಧ್ಯಾಯದ ಮೊದಲ ವಚನದಲ್ಲೇ ಅವನು ಅದುಲ್ಲಾಮ್ ಗವಿಯಲ್ಲಿದ್ದಾನೆ. "ಯಾವಾಗಲೂ" ಅಂತ ಹೇಳಿದ್ದು ಇಂಥವನು. ಎಲ್ಲ ನೆಟ್ಟಗಿದ್ದು, ಕೈಯಲ್ಲಿ ಬೇಕಾದಷ್ಟು ಸಮಯ ಇದ್ದವನ ಮಾತಲ್ಲ ಅದು.

ಅನುವಾದದಲ್ಲಿ ಕಾಣದ ಒಂದು ವಿಷಯವೂ ಇದೆ. ಹೀಬ್ರೂವಿನಲ್ಲಿ ಈ ಕೀರ್ತನೆಯ ವಚನಗಳು ಹೆಚ್ಚುಕಡಿಮೆ ಅಕ್ಷರಮಾಲೆಯ ಕ್ರಮದಲ್ಲೇ ಶುರುವಾಗುತ್ತವೆ. ನಾವು ಅ, ಆ, ಇ, ಈ ಹಿಡಿದು ಒಂದೊಂದು ಸಾಲು ಕಟ್ಟಿದ ಹಾಗೆ. ಹಾಗೆ ಕಟ್ಟಬೇಕಾದರೆ ಕೂತು ಯೋಚಿಸಬೇಕು, ಒಂದು ಪದ ಬಿಟ್ಟು ಇನ್ನೊಂದು ಹುಡುಕಬೇಕು. ಅಂದರೆ ಇದು ಭಾವನೆ ಉಕ್ಕಿದಾಗ ಬಾಯಿಂದ ಹಾರಿಬಂದ ಕೂಗಲ್ಲ. ನಡುವೆ 11ನೇ ವಚನದಲ್ಲಿ "ಮಕ್ಕಳೇ ಬನ್ನಿ, ಕಲಿಸುತ್ತೇನೆ" ಅನ್ನುವ ಅರ್ಥದ ಮಾತೂ ಬರುತ್ತದೆ. ಸ್ತುತಿ ಕಲಿಯುವ ವಿಷಯ. ಕಲಿಯುವವರು ತಪ್ಪುತ್ತಾರೆ, ಮರೆಯುತ್ತಾರೆ. ನೀವು ಮೂರು ಸಲ ಬಿಟ್ಟಿದ್ದೀರಿ, ನಾಲ್ಕನೇ ಸಲ ಕೇಳುತ್ತಿದ್ದೀರಿ. ಕಲಿಯುವುದು ಹೀಗೇ ನಡೆಯುತ್ತದೆ.

ಎಲ್ಲಿ ತಪ್ಪಿತು ಅಂತ ನನಗೆ ಅನಿಸುವುದನ್ನು ಹೇಳುತ್ತೇನೆ. ದಿನವಿಡೀ ಸ್ತುತಿ ಅಂದರೆ ದಿನವಿಡೀ ಆರದೆ ಉರಿಯುವ ಒಂದು ಭಾವನೆ ಅಂದುಕೊಂಡಿದ್ದೀರಿ. ಅಂಥ ಭಾವನೆ ಯಾರ ಕೈಯಲ್ಲೂ ನಿಲ್ಲುವುದಿಲ್ಲ. "ಎಡೆಬಿಡದೆ ಪ್ರಾರ್ಥನೆ ಮಾಡಿರಿ" ಅಂತ ಥೆಸಲೋನಿಕದವರಿಗೆ ಬರೆದ ಪೌಲನು ಅದೇ ಪತ್ರದಲ್ಲಿ "ಎಡೆಬಿಡದೆ" ಅನ್ನುವ ಅದೇ ಗ್ರೀಕ್ ಪದವನ್ನು ಇನ್ನೂ ಎರಡು ಸಲ ತನ್ನ ಬಗ್ಗೆಯೇ ಹೇಳಿಕೊಂಡಿದ್ದಾನೆ: ನಿಮ್ಮನ್ನು ಎಡೆಬಿಡದೆ ನೆನೆಯುತ್ತೇವೆ, ನಿಮಗಾಗಿ ಎಡೆಬಿಡದೆ ಕೃತಜ್ಞತೆ ಹೇಳುತ್ತೇವೆ ಅಂತ. ಅದೇ ಪತ್ರದಲ್ಲಿ ಹಗಲೂ ರಾತ್ರಿ ದುಡಿದೆವು ಅಂತಲೂ ಇದೆ. ಅವನು ನಿದ್ದೆ ಮಾಡಿದ, ಗುಡಾರ ಹೊಲಿದ, ಊರೂರು ಅಲೆದ. ಹಾಗಾದರೆ ಎಡೆಬಿಡದೆ ಅಂದರೆ ಮತ್ತೆ ಮತ್ತೆ ಅದೇ ಕಡೆಗೆ ತಿರುಗುವುದು. ತಿರುಗಲು ಮರೆತೆ ಅಂತ ಗೊತ್ತಾದ ಗಳಿಗೆಯೇ ತಿರುಗುವ ಗಳಿಗೆ.

ಈ ತಿರುಗುವುದನ್ನು ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳ ಕಥೆಯಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಯಾಜಕರಿಗೆ ಮೈ ತೋರಿಸಿರಿ ಅಂತ ಯೇಸು ಹೇಳಿದ. ಅವರು ಹೊರಟರು. ಹೋಗುತ್ತಿರುವಾಗ ಗುಣವಾಯಿತು. ಒಬ್ಬ ಮಾತ್ರ ತನಗೆ ಗುಣವಾದದ್ದನ್ನು ಕಂಡು, ದೊಡ್ಡ ದನಿಯಲ್ಲಿ ದೇವರನ್ನು ಕೊಂಡಾಡುತ್ತಾ ಹಿಂತಿರುಗಿ ಬಂದ. ಉಳಿದ ಒಂಬತ್ತು ಮಂದಿ ಕೆಟ್ಟವರು ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ನಾನು ಈ ಭಾಗವನ್ನು ಹಲವು ಸಲ ಕಲಿಸಿದ್ದೇನೆ. ಪ್ರತಿ ಸಲ ಆ ಒಂಬತ್ತು ಮಂದಿಯಲ್ಲಿ ನನ್ನನ್ನೇ ಕಾಣುತ್ತೇನೆ. ಅವರು ಹೇಳಿದ ಮಾತನ್ನೇ ಪಾಲಿಸುತ್ತಿದ್ದರು. ಒಪ್ಪಿಸಿದ ಕೆಲಸದ ಮೇಲೆಯೇ ಹೋಗುತ್ತಿದ್ದರು. ಕೆಲಸದ ಗುಂಗಿನಲ್ಲಿ ಮೈಯನ್ನು ನೋಡಿಕೊಂಡು ತಿರುಗಲಿಲ್ಲ, ಅಷ್ಟೇ. ನಿಮ್ಮ ಮಧ್ಯಾಹ್ನಗಳು ಹಾಗೇ ಅಲ್ವಾ? ಇನ್ನೂ ಒಂದು ಗಮನಿಸಿ. ತಿರುಗಿ ಬಂದವನನ್ನು ಯೇಸು ಅಲ್ಲೇ ಕೂರಿಸಿಕೊಳ್ಳಲಿಲ್ಲ. "ಎದ್ದು ಹೋಗು" ಅಂದ. ಸ್ತುತಿ ಅವನ ದಾರಿಯನ್ನು ನಿಲ್ಲಿಸಲಿಲ್ಲ. ದಾರಿಯ ಮಧ್ಯೆ ಒಂದು ತಿರುವು, ಮತ್ತೆ ದಾರಿ.

ಕಂಡ, ತಿರುಗಿದ, ಬಾಯಿ ತೆರೆದ. ಇದರಲ್ಲಿ ನಮಗೆ ಕಷ್ಟವಾಗುವುದು ಮೊದಲನೆಯದು, ಕಾಣುವುದು. ಆದ್ದರಿಂದ ಮೊದಲು ಬಾಯಿಗಿಂತ ಕಣ್ಣಿಗೆ ಅಭ್ಯಾಸ ಮಾಡಿಸಿ.

"ಎಲ್ಲದಕ್ಕೂ ಸ್ತೋತ್ರ ಕರ್ತನೇ" ಅಂತ ಒಟ್ಟಾರೆ ಹೇಳಿಬಿಡುವುದು ನಮ್ಮಲ್ಲಿ ಜಾಸ್ತಿ. ಅದು ತಪ್ಪಲ್ಲ. ಆದರೆ ಅದರಲ್ಲಿ ಕಣ್ಣಿಗೆ ಕೆಲಸವಿಲ್ಲ. 104ನೇ ಕೀರ್ತನೆ ಹೇಗೆ ಸ್ತುತಿಸುತ್ತದೆ ನೋಡಿ: ಕಣಿವೆಯಲ್ಲಿ ಹರಿಯುವ ಬುಗ್ಗೆ, ನೀರು ಕುಡಿಯಲು ಬರುವ ಕಾಡುಕತ್ತೆ, ಮರದ ಮೇಲೆ ಗೂಡು ಕಟ್ಟಿದ ಕೊಕ್ಕರೆ, ಬೆಟ್ಟದ ಮೇಕೆ, ಬೇಟೆಗಾಗಿ ಗರ್ಜಿಸುವ ಸಿಂಹದ ಮರಿ, ಸೂರ್ಯ ಹುಟ್ಟಿದ ಮೇಲೆ ಕೆಲಸಕ್ಕೆ ಹೊರಡುವ ಮನುಷ್ಯ. ಒಂದೊಂದನ್ನೂ ಹೆಸರು ಹಿಡಿದು ಹೇಳಿ, ಆಮೇಲೆ "ನಿನ್ನ ಕೆಲಸಗಳು ಎಷ್ಟೋ ವಿಧ" ಅನ್ನುತ್ತದೆ. ನೀವೂ ದಿನಕ್ಕೆ ಒಂದನ್ನಾದರೂ ಹೆಸರು ಹಿಡಿದು ಹೇಳಿ. ಕಿಟಕಿಯಿಂದ ಬಿದ್ದ ಬಿಸಿಲು. ಕಾಯಿಲೆಯವರು ನಿನ್ನೆ ರಾತ್ರಿ ನಾಲ್ಕು ಗಂಟೆ ಎಚ್ಚರವಾಗದೆ ನಿದ್ದೆ ಮಾಡಿದ್ದು. ಕೋಪದಲ್ಲಿದ್ದವರು ತಾವಾಗಿ ಬಂದು ಮಾತಾಡಿದ್ದು.

ಅಲ್ಲಿಗೇ ನಿಲ್ಲಬೇಡಿ. ಬಿಸಿಲಿಗೆ ವಂದನೆ ಹೇಳಿದರೆ ಅದು ಕೃತಜ್ಞತೆ. "ಕೇಳುವ ಮೊದಲೇ ಬೆಳಕು ಕೊಡುವವನು ನೀನು" ಅಂದರೆ ಅದು ಸ್ತುತಿ. ಕೊಟ್ಟದ್ದರಿಂದ ಕೊಟ್ಟವನ ಕಡೆಗೆ ಒಂದು ಹೆಜ್ಜೆ, ವ್ಯತ್ಯಾಸ ಅಷ್ಟೇ. ಬೈಬಲಿನಲ್ಲಿ ಇವೆರಡೂ ಯಾವಾಗಲೂ ಜೊತೆಯಲ್ಲೇ ಓಡಾಡುತ್ತವೆ, ಹಾಗಾಗಿ ಗೆರೆ ಎಳೆದು ಬೇರೆ ಮಾಡಲು ಹೋಗಬೇಡಿ. ಆದರೆ ಆ ಒಂದು ಹೆಜ್ಜೆ ಇಡುವುದನ್ನು ಮರೆಯಬೇಡಿ. ಕೊಟ್ಟದ್ದು ಕೈಬಿಟ್ಟ ದಿನವೂ ಕೊಟ್ಟವನು ಇರುತ್ತಾನೆ. ನಿಮ್ಮ ಮನೆಯ ಕಾಯಿಲೆಯ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಈಗ ಅಭ್ಯಾಸದ ಮಾತು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ ಅಂತ ಹಲವರು ಹೇಳುತ್ತಾರೆ. ನಾನು ಅದನ್ನು ಮೊದಲು ಹೇಳುವುದಿಲ್ಲ. ಒಂದು ವಾರ ಕೇಳಿಸುತ್ತದೆ, ಆಮೇಲೆ ಬೆರಳು ತಾನಾಗಿಯೇ ಅದನ್ನು ಆರಿಸುತ್ತದೆ. ಹೊಸದಾಗಿ ಸಮಯ ಹುಡುಕುವ ಬದಲು, ದಿನಾ ಹೇಗೂ ಮಾಡುವ ಕೆಲಸಕ್ಕೆ ಸ್ತುತಿಯನ್ನು ಗಂಟು ಹಾಕಿ. ಕೆಲಸ ತಾನೇ ನೆನಪು ಮಾಡುತ್ತದೆ. ಎರಡೇ ಗಂಟು ಸಾಕು, ಮೊದಲ ತಿಂಗಳಿಗೆ ಮೂರನೆಯದು ಬೇಡ. ನೀವು ಮೂರು ಸಲ ಸೋತದ್ದು ಮನಸ್ಸು ಸಾಲದೆ ಅಲ್ಲ, ಒಂದೇ ದಿನದಲ್ಲಿ ಇಡೀ ದಿನವನ್ನು ಹಿಡಿಯಲು ಹೋಗಿದ್ದಕ್ಕೆ.

ಮೊದಲ ಗಂಟು: ಬೆಳಿಗ್ಗೆ ಮುಖಕ್ಕೆ ನೀರು ತಾಗುವ ಕ್ಷಣ. ಆಗ 103ನೇ ಕೀರ್ತನೆಯ ಮಾತು: "ನನ್ನ ಮನವೇ, ಯೆಹೋವನನ್ನು ಕೊಂಡಾಡು, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ." ಎರಡನೆಯದು: ಕೆಲಸದ ಮಧ್ಯೆ ಕಾಯಬೇಕಾದ ಹೊತ್ತು. ಲಿಫ್ಟ್ ಬರುವವರೆಗೆ, ಸಾಲು ಮುಂದೆ ಸರಿಯುವವರೆಗೆ, ಯಾರೋ ಫೋನ್ ಎತ್ತುವವರೆಗೆ. ಆ ಹೊತ್ತಿನಲ್ಲಿ ದೇವರ ಒಂದು ಹೆಸರು. ಒಂದು ದಿನಕ್ಕೆ ಒಂದೇ ಹೆಸರು ಇಟ್ಟುಕೊಳ್ಳಿ. ಇವತ್ತು ಕುರುಬ, ನಾಳೆ ಬಂಡೆ, ನಾಡಿದ್ದು ಬೆಳಕು, ಆಚೆ ನಾಡಿದ್ದು ಮರೆ. 23, 18, 27, 32ನೇ ಕೀರ್ತನೆಗಳಲ್ಲಿ ಇವು ಸಿಗುತ್ತವೆ. ಬೆಳಿಗ್ಗೆ ಆ ಕೀರ್ತನೆಯಿಂದ ಎರಡು ಸಾಲು ಓದಿ, ಹಗಲೆಲ್ಲ ಆ ಒಂದು ಹೆಸರು ಜೊತೆಗಿರಲಿ. "ನೀನು ನನ್ನ ಬಂಡೆ." ಇಷ್ಟೇ. ಒಂದು ಉಸಿರಿನಲ್ಲಿ ಮುಗಿಯುತ್ತದೆ.

ಇಷ್ಟು ಚಿಕ್ಕದನ್ನು ಸ್ತುತಿ ಅನ್ನಬಹುದಾ ಅಂತ ಅನುಮಾನ ಬಂದರೆ ಯೇಸುವನ್ನೇ ನೋಡಿ. ತನ್ನ ಅದ್ಭುತಗಳನ್ನು ಕಂಡೂ ತಿರುಗದ ಊರುಗಳಿಗಾಗಿ ನೊಂದು ಮಾತಾಡುತ್ತಿದ್ದ ಹೊತ್ತಿನಲ್ಲೇ, "ತಂದೆಯೇ, ಪರಲೋಕ ಭೂಲೋಕಗಳ ಒಡೆಯನೇ" ಅಂತ ಸ್ತುತಿಗೆ ತಿರುಗಿದ, ಮತ್ತೆ ಜನರ ಜೊತೆ ಮಾತು ಮುಂದುವರಿಸಿದ. ಮತ್ತಾಯ 11ರಲ್ಲಿದೆ. ಲಾಜರನ ಸಮಾಧಿಯ ಮುಂದೆಯೂ ಹಾಗೆ. ಸ್ವಲ್ಪ ಮೊದಲು ಅತ್ತಿದ್ದ. ಕಣ್ಣು ಮೇಲೆತ್ತಿ, ನೀನು ನನ್ನ ಮಾತು ಕೇಳಿದ್ದಕ್ಕೆ ಕೃತಜ್ಞತೆ ಅಂದ. ಒಂದೆರಡು ವಾಕ್ಯ, ಮುಂದೆ ಕೆಲಸ. ಹಳೆಯ ಒಡಂಬಡಿಕೆಯಲ್ಲಿ ನೆಹೆಮೀಯ ಅರಸನ ಪಾನದಾಯಕನಾಗಿದ್ದ. "ನಿನ್ನ ಬೇಡಿಕೆ ಏನು" ಅಂತ ಅರಸ ಕೇಳಿದ. ಆ ಪ್ರಶ್ನೆಗೂ ಅವನ ಉತ್ತರಕ್ಕೂ ಮಧ್ಯೆ ಪರಲೋಕದ ದೇವರಿಗೆ ಪ್ರಾರ್ಥಿಸಿದ ಅಂತಿದೆ. ಕೆಲಸದ ಜಾಗದಲ್ಲಿ, ಮೇಲಿನವರ ಮುಂದೆ ನಿಂತಿರುವಾಗ. ಪಕ್ಕದಲ್ಲಿದ್ದವರಿಗೂ ಗೊತ್ತಾಗಿರಲಿಕ್ಕಿಲ್ಲ.

ಜೋರಾಗಿ ಹೇಳಬೇಕಾ? ಮನೆಯಲ್ಲಿ ಒಬ್ಬರೇ ಇದ್ದಾಗ ಹೌದು, ಬಾಯಿಬಿಟ್ಟು ಹೇಳಿ. ನಮ್ಮ ದನಿ ನಮ್ಮ ಕಿವಿಗೆ ಬಿದ್ದಾಗ ಚೆದುರಿದ ಮನಸ್ಸು ಹಿಂದೆ ಬರುತ್ತದೆ. ಹೊರಗಡೆ, 1 ಸಮುವೇಲ 1ರಲ್ಲಿ ದನಿಯಿಲ್ಲದೆ ಪ್ರಾರ್ಥಿಸಿದ ಹನ್ನಳಂತೆ, ತುಟಿ ಮಾತ್ರ ಅಲ್ಲಾಡಿದರೆ ಸಾಕು.

ಎರಡು ಗಂಟುಗಳು ಗಟ್ಟಿಯಾದ ಮೇಲೆ ರಾತ್ರಿಯ ಒಂದು ಗಂಟು ಸೇರಿಸಿ. ದೀಪ ಆರಿಸುವ ಮೊದಲು ದಿನವನ್ನು ಹಿಂದಕ್ಕೆ ನೋಡುವುದು. 16ನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಇದನ್ನು ಕಲಿಸುವಾಗ ಒಂದು ಕ್ರಮ ಇಟ್ಟ: ಮೊದಲು ಪಡೆದ ಉಪಕಾರಗಳಿಗೆ ಕೃತಜ್ಞತೆ, ತಪ್ಪುಗಳ ಲೆಕ್ಕ ಆಮೇಲೆ. ಈ ಕ್ರಮವನ್ನು ತಿರುಗಿಸಬೇಡಿ. ದಣಿದ ಮನಸ್ಸು ತಪ್ಪುಗಳಿಂದ ಶುರು ಮಾಡಿದರೆ ಅಲ್ಲೇ ಮುಳುಗುತ್ತದೆ, ಸ್ತುತಿಯವರೆಗೆ ಬರುವುದೇ ಇಲ್ಲ. ಕಂಡ ಒಂದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಟ್ಟರೆ ಇನ್ನೂ ಒಳ್ಳೆಯದು. ಆರು ತಿಂಗಳ ನಂತರ ಒಂದು ಕೆಟ್ಟ ದಿನ ಅದನ್ನು ತೆರೆದಾಗ ಯಾಕೆ ಅಂತ ಗೊತ್ತಾಗುತ್ತದೆ.

ಗೊತ್ತು ಮಾಡಿದ ಹೊತ್ತಿಗೆ ಸ್ತುತಿಸುವುದು ಯಾಂತ್ರಿಕ ಅಂತ ಕೆಲವರು ಆಕ್ಷೇಪಿಸುತ್ತಾರೆ. ದೇವಜನರ ಅನುಭವ ಬೇರೆಯೇ ಹೇಳುತ್ತದೆ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಕೊಲ್ಲುವ ಕಾನೂನು ಬಂದ ದಿನವೂ ಮೊದಲಿನಂತೆಯೇ ಮಾಡಿದ, ದೇವರಿಗೆ ಕೃತಜ್ಞತೆ ಹೇಳಿದ. ಅಭ್ಯಾಸ ಇಲ್ಲದಿದ್ದರೆ ಆ ದಿನ ಮೊಣಕಾಲು ಬಾಗುತ್ತಿತ್ತಾ? ಕ್ರೈಸ್ತ ಸಭೆಯ ತೀರಾ ಹಳೆಯ ಬೋಧನೆಗಳಲ್ಲಿ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಅಂತಿದೆ. "ದಿನಕ್ಕೆ ಏಳು ಸಾರಿ ನಿನ್ನನ್ನು ಕೊಂಡಾಡುತ್ತೇನೆ" ಅನ್ನುವ ಕೀರ್ತನೆ 119:164ನ್ನು ಹಿಡಿದು 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಹಗಲಿನ ಏಳು ಹೊತ್ತುಗಳನ್ನು ಗೊತ್ತು ಮಾಡಿದ. ನಿಮಗೆ ಏಳು ಬೇಕಿಲ್ಲ. ಆದರೆ ಗೊತ್ತು ಮಾಡಿದ ಎರಡು ಹೊತ್ತು ಇದ್ದರೆ, ಗೊತ್ತು ಮಾಡದ ಹೊತ್ತುಗಳಲ್ಲೂ ಸ್ತುತಿ ತಾನಾಗಿ ಬರಲು ಶುರುವಾಗುತ್ತದೆ.

ಮರೆತಾಗ ಏನು ಮಾಡಬೇಕು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 17ನೇ ಶತಮಾನದ ಬ್ರದರ್ ಲಾರೆನ್ಸ್. ಮೊದಲು ಸೈನಿಕ, ಆಮೇಲೆ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಅಡುಗೆಮನೆಯ ಕೆಲಸಗಾರ. ಆ ಕೆಲಸ ಅವನಿಗೆ ಹಿಡಿಸುತ್ತಿರಲಿಲ್ಲ. ಅಲ್ಲೇ ವರ್ಷಗಟ್ಟಲೆ ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡುವುದನ್ನು ಕಲಿತ. ಮನಸ್ಸು ದೂರ ಹೋಯಿತು ಅಂತ ಗೊತ್ತಾದಾಗ, ನನ್ನಷ್ಟಕ್ಕೆ ಬಿಟ್ಟರೆ ನಾನು ಹೀಗೇ ಅಂತ ದೇವರ ಮುಂದೆ ಒಪ್ಪಿಕೊಂಡು, ಮತ್ತೆ ಅಲ್ಲಿಂದಲೇ ಮುಂದುವರಿಯುತ್ತಿದ್ದ. ಅದರ ಬಗ್ಗೆ ಕೊರಗುತ್ತಾ ಕೂರುತ್ತಿರಲಿಲ್ಲ. ನೀವು ರಾತ್ರಿ ಎಂಟಕ್ಕೆ "ಅಯ್ಯೋ, ಬೆಳಿಗ್ಗೆಯಿಂದ ನೆನಪೇ ಆಗಲಿಲ್ಲ" ಅಂದುಕೊಂಡರೆ ಮುಂದಿನ ವಾಕ್ಯ ನಿಮ್ಮನ್ನು ಬೈದುಕೊಳ್ಳುವುದಾಗದಿರಲಿ. "ನಾನು ಮರೆತರೂ ನೀನು ಮರೆಯಲಿಲ್ಲ" ಅನ್ನಿ. ಅದೇ ಆ ದಿನದ ಸ್ತುತಿ.

ಹಾಡಿನ ಬಗ್ಗೆ ಒಂದೇ ಮಾತು. ದಿನವಿಡೀ ಹಾಡು ಹಾಕಿಟ್ಟರೆ ಮನೆಯ ಗಾಳಿ ಬದಲಾಗುತ್ತದೆ, ನಿಜ. ಆದರೆ ಅದು ಇನ್ನೊಬ್ಬರ ಬಾಯಿ. ವಾರಕ್ಕೆ ಒಂದು ಹಾಡನ್ನು ಬಾಯಿಪಾಠ ಮಾಡಿ, ಯಂತ್ರ ಆರಿಸಿ, ನೀವೇ ಗುನುಗಿ. ರಾಗ ತಪ್ಪಿದರೂ ಪರವಾಗಿಲ್ಲ.

ಇನ್ನು ಕಪಟದ ಪ್ರಶ್ನೆ. "ತುಟಿಗಳಿಂದ ನನ್ನನ್ನು ಸನ್ಮಾನಿಸುತ್ತಾರೆ, ಮನಸ್ಸು ದೂರ" ಅಂತ ಯೇಸು ಯೆಶಾಯನ ಮಾತನ್ನು ಎತ್ತಿ ಹೇಳಿದ್ದು ಮತ್ತಾಯ 15ರಲ್ಲಿ. ಯಾರಿಗೆ? ದೇವರಿಗೆ ಕೊಡುತ್ತೇವೆ ಅನ್ನುವ ನೆಪದಲ್ಲಿ ತಂದೆತಾಯಿಯನ್ನು ನೋಡಿಕೊಳ್ಳದವರಿಗೆ. ಅವರು ದೂರದಲ್ಲಿದ್ದರು, ದೂರವೇ ಅವರಿಗೆ ಬೇಕಿತ್ತು. ನೀವು ದೂರದಲ್ಲಿದ್ದೀರಿ, ಹತ್ತಿರ ಬರಬೇಕು ಅಂತ ಅಳುತ್ತಿದ್ದೀರಿ. ಎರಡೂ ಒಂದೇ ಹೇಗಾಗುತ್ತದೆ? "ನನ್ನ ಮನವೇ, ಕೊಂಡಾಡು" ಅನ್ನುವ ವಚನವನ್ನೇ ನೋಡಿ. ಮನಸ್ಸು ಆಗಲೇ ಕೊಂಡಾಡುತ್ತಿದ್ದರೆ ಅದಕ್ಕೆ ಹೇಳುವ ಅಗತ್ಯ ಏನಿತ್ತು? ಅಲ್ಲಿ ಬಾಯಿ ಮುಂದೆ ಹೋಗಿ ಮನಸ್ಸನ್ನು ಕರೆಯುತ್ತಿದೆ. 42 ಮತ್ತು 43ನೇ ಕೀರ್ತನೆಗಳಲ್ಲಿ "ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ" ಅನ್ನುವ ಮಾತು ಮೂರು ಸಲ ಬರುತ್ತದೆ. ಒಂದು ಸಲಕ್ಕೆ ಮನಸ್ಸು ಏಳಲಿಲ್ಲ, ಕೀರ್ತನೆಗಾರ ಮತ್ತೆ ಕರೆದ.

ಅದೇ ಮಾತನ್ನು ಮತ್ತೆ ಮತ್ತೆ ಹೇಳುವುದಕ್ಕೂ ಹೆದರಬೇಡಿ. ಯೇಸು ಬೇಡ ಅಂದದ್ದು ಬಹಳ ಮಾತಾಡಿದರೆ ದೇವರು ಕೇಳುತ್ತಾನೆ ಅನ್ನುವ ನಂಬಿಕೆಯಿಂದ ಹರಟುವುದನ್ನು. 136ನೇ ಕೀರ್ತನೆಯಲ್ಲಿ "ಆತನ ಕೃಪೆಯು ಶಾಶ್ವತ" ಅನ್ನುವ ಮಾತು 26 ಸಲ ಇದೆ, ಪ್ರತಿ ವಚನಕ್ಕೂ ಒಂದು. ಗೆತ್ಸೇಮನೆಯಲ್ಲಿ ಯೇಸುವೇ ಮೂರನೇ ಸಲವೂ ಅದೇ ಮಾತಿನಿಂದ ಪ್ರಾರ್ಥಿಸಿದ.

ಈಗ ನಿಮ್ಮ ಮನೆಯ ಕಾಯಿಲೆ. ಇದನ್ನು ಕೊನೆಗೆ ಇಟ್ಟುಕೊಂಡದ್ದು ಅವಸರದಲ್ಲಿ ಹೇಳುವ ಮಾತಲ್ಲ ಅಂತ.

ಕಾಯಿಲೆಗೆ ಸ್ತೋತ್ರ ಹೇಳಿ ಅಂತ ನಾನು ನಿಮಗೆ ಹೇಳುವುದಿಲ್ಲ. ಥೆಸಲೋನಿಕದವರಿಗೆ ಪೌಲ ಹೇಳಿದ್ದು "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ" ಅಂತ. ಎಲ್ಲಾದರ ಒಳಗೆ ಇದ್ದುಕೊಂಡು. ಎಫೆಸ 5:20ರಲ್ಲಿ ಎಲ್ಲಕ್ಕಾಗಿಯೂ ಅನ್ನುವ ಮಾತು ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ನಾಲ್ಕು ವಚನ ಮೊದಲೇ "ದಿನಗಳು ಕೆಟ್ಟವು" ಅಂತ ಪೌಲನೇ ಬರೆದಿದ್ದಾನೆ. ಕೆಟ್ಟದ್ದನ್ನು ಒಳ್ಳೆಯದು ಅಂತ ಕರೆಯುವವನಲ್ಲ ಅವನು. ಯೇಸು ಕಾಯಿಲೆಗಳನ್ನು ಕಂಡು ಕನಿಕರಪಟ್ಟ, ವಾಸಿಮಾಡಿದ. ಆತನು ಓಡಿಸಿದ್ದನ್ನು ನೀವು ಹೊಗಳಬೇಕಿಲ್ಲ.

ಕಾಯಿಲೆಯ ಮಧ್ಯೆ ದೇವರ ಬಗ್ಗೆ ನಿಜವಾದದ್ದನ್ನು ಹೇಳಬಹುದು. ಹೇಳಲು ಆಗದಿದ್ದರೆ ಅಳಬಹುದು. 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಾದರೂ ಅಳಲಿನ ಹಾಡುಗಳು. ಆ ಪುಸ್ತಕದ ಹೀಬ್ರೂ ಹೆಸರು ಮಾತ್ರ "ತೆಹಿಲ್ಲೀಮ್", ಅಂದರೆ ಸ್ತುತಿಗಳು. ಅಳಲನ್ನೂ ಒಳಗೆ ಸೇರಿಸಿಕೊಂಡೇ ಅದಕ್ಕೆ ಸ್ತುತಿಗಳು ಅಂತ ಹೆಸರಿಟ್ಟರು. 13ನೇ ಕೀರ್ತನೆ ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತದೆ. ಕೊನೆಯ ವಚನದಲ್ಲಿ ಹಾಡುತ್ತೇನೆ ಅನ್ನುತ್ತದೆ. 88ನೆಯದು ಅಷ್ಟು ದೂರವೂ ಹೋಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದರ ಮೊದಲ ವಚನ ದೇವರನ್ನು "ನನ್ನನ್ನು ರಕ್ಷಿಸುವ ದೇವರೇ" ಅಂತ ಕರೆಯುತ್ತದೆ. ಆ ಒಂದು ಕರೆಯಲ್ಲಿ ಇರುವಷ್ಟೇ ಸ್ತುತಿ ಇವತ್ತು ನಿಮ್ಮಲ್ಲಿದ್ದರೆ, ಇವತ್ತಿಗೆ ಅಷ್ಟು ಸಾಕು. ಇಬ್ರಿಯ 13:15 ಇದನ್ನು ಸ್ತೋತ್ರಯಜ್ಞ ಅನ್ನುತ್ತದೆ. ಯಜ್ಞ ಅಂದಮೇಲೆ ಏನೋ ಒಂದು ಬೆಲೆ ತೆರಬೇಕಾಗುತ್ತದೆ. ನಿಮಗೆ ಬಾಯಿ ಬರುತ್ತಿಲ್ಲ ಅನ್ನುವುದೇ ನೀವು ಹೇಳುವ ಒಂದು ವಾಕ್ಯಕ್ಕೆ ಎಷ್ಟು ಬೆಲೆ ಅಂತ ತೋರಿಸುತ್ತದೆ.

ಅದೂ ಬಾರದ ಭಾನುವಾರ ಸಭೆಯಲ್ಲಿ ಸುಮ್ನೆ ಕೂತಿರಿ. ಪಕ್ಕದವರು ಹಾಡುವುದು ಕಿವಿಗೆ ಬೀಳಲಿ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಮಂದಿ ಹೊತ್ತು ತಂದರು, ಅವರ ನಂಬಿಕೆಯನ್ನು ಯೇಸು ನೋಡಿದ. ಹೊರಿಸಿಕೊಳ್ಳುವ ಸರದಿ ಈಗ ನಿಮ್ಮದು. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಮನಸ್ಸು ಭಾರವಾಗಿಯೇ ಇದ್ದರೆ ವೈದ್ಯರನ್ನೂ ನೋಡಿ. ಅದು ನಂಬಿಕೆಯ ಕೊರತೆಯಲ್ಲ. "ಸ್ತೋತ್ರ ಹೇಳು, ಎಲ್ಲ ಸರಿಹೋಗುತ್ತದೆ" ಅಂತ ಒತ್ತಾಯಿಸುವವರ ಮಾತು ನೋಯಿಸಿದರೆ, ಜ್ಞಾನೋಕ್ತಿ 25:20 ನಿಮ್ಮ ಪರವಾಗಿದೆ: ಮನಗುಂದಿದವನ ಮುಂದೆ ಹಾಡುವುದು ಚಳಿಯಲ್ಲಿ ಬಟ್ಟೆ ಕಿತ್ತುಕೊಂಡ ಹಾಗೆ ಅಂತ ಅದು ಹೇಳುತ್ತದೆ. ನಾನೂ ಚಿಕ್ಕ ವಯಸ್ಸಿನಲ್ಲಿ ಕೆಲವರಿಗೆ ಆ ತಪ್ಪು ಮಾಡಿದ್ದೇನೆ. ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಇವತ್ತು ರಾತ್ರಿ ಏನೂ ಶುರು ಮಾಡಬೇಡಿ, ಮಲಗಿ. ನಾಳೆ ಮುಖಕ್ಕೆ ನೀರು ಹಾಕಿಕೊಂಡಾಗ ಆ ಮೊದಲ ವಾಕ್ಯ ಹೇಳಿ. ಒಂದು ತಿಂಗಳಾದ ಮೇಲೆ ಮತ್ತೆ ಬರೆಯಿರಿ. ಎಲ್ಲಿ ನೆನಪಾಯಿತು, ಎಲ್ಲಿ ಮರೆತಿರಿ, ಎರಡನ್ನೂ ಬರೆಯಿರಿ. ಕಾಯಿಲೆಯವರು ಹೇಗಿದ್ದಾರೆ ಅಂತಲೂ ತಿಳಿಸಿ. ಅಲ್ಲಿಯವರೆಗೆ ಅವರಿಗಾಗಿ ಪ್ರಾರ್ಥಿಸುತ್ತಿರುತ್ತೇನೆ.